ವಸತಿ ಶಾಲೆಯಲ್ಲಿ ಮಗು ಬಂದು ಹೇಳಿಕೊಂಡರೆ ಮೊದಲ 24 ಗಂಟೆ: ಯಾರು, ಏನು, ಯಾವ ಕಾಗದ?

ಕಪ್ಪುಹಲಗೆ (ಪ್ರಶ್ನೆ)

ವಸತಿ ಶಾಲೆಯೊಂದಕ್ಕೆ ಮಕ್ಕಳ ರಕ್ಷಣಾ ನೀತಿ ಬರೆಯುವ ಕೆಲಸ ಕೈಯಲ್ಲಿದೆ. ರಾಜ್ಯದ 2016ರ ಮಕ್ಕಳ ರಕ್ಷಣಾ ನೀತಿ ಓದಿದ್ದಾಗಿದೆ, 2020ರ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ನಿಯಮಗಳನ್ನೂ ಓದಿದ್ದಾಗಿದೆ. ಬೇರೆ ಶಾಲೆಗಳ ನಮೂನೆಗಳೂ ಸಿಕ್ಕಿವೆ. ಎಲ್ಲವೂ 'ಶೂನ್ಯ ಸಹನೆ' ಅಂತ ಶುರುವಾಗಿ 'ಸೂಕ್ತ ಕ್ರಮ ಜರುಗಿಸಲಾಗುವುದು' ಅಂತ ಮುಗಿಯುತ್ತವೆ. ರಾತ್ರಿ ಎಂಟು ಗಂಟೆಗೆ ಒಂದು ಮಗು ನಿಲಯಪಾಲಕಿಯ ಹತ್ತಿರ ಬಂದು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಹೇಳಿಕೊಂಡರೆ ಎಂಟೂ ಹತ್ತಕ್ಕೆ ಆಕೆ ಏನು ಮಾಡಬೇಕು ಅನ್ನೋದು ಯಾವುದರಲ್ಲೂ ಇಲ್ಲ.

ನಿಲಯಪಾಲಕಿಯೇ ನೇರವಾಗಿ ಪೊಲೀಸರಿಗೆ ಹೇಳಬೇಕೋ, ಮುಖ್ಯ ಶಿಕ್ಷಕರ ಮೂಲಕ ಹೋಗಬೇಕೋ? ಆಡಳಿತ ಮಂಡಳಿಯವರು 'ಮೊದಲು ಒಳಗೇ ವಿಚಾರಣೆ ಮಾಡಿ, ನಿಜ ಅನ್ನಿಸಿದರೆ ದೂರು ಕೊಡೋಣ' ಅನ್ನುತ್ತಾರೆ, ಇದಕ್ಕೆ ಅವಕಾಶ ಇದೆಯೇ? ಮಗುವಿನ ಮಾತನ್ನು ಯಾರು ಬರೆಯಬೇಕು, ಎಷ್ಟು ಬರೆಯಬೇಕು? ಅಪ್ಪ ಅಮ್ಮ ಬೇಡ ಅಂದರೆ? ಆಸ್ಪತ್ರೆಗೆ ಮೊದಲೋ ಠಾಣೆಗೆ ಮೊದಲೋ? ಮಗುವನ್ನು ಬಾಲಮಂದಿರಕ್ಕೆ ಕರೆದುಕೊಂಡು ಹೋಗುತ್ತಾರೆ ಅನ್ನುವ ಹೆದರಿಕೆ ಪೋಷಕರಲ್ಲಿ ದೊಡ್ಡದಾಗಿದೆ, ಅದು ಎಷ್ಟು ನಿಜ? ಎರಡು ಪುಟದಲ್ಲಿ ಮುಗಿಯಬೇಕು, ಗೋಡೆಗೆ ಅಂಟಿಸುವ ಹಾಗಿರಬೇಕು.

ಕರೀಕೋಟು

ಮೊದಲು ಆಡಳಿತ ಮಂಡಳಿಯ ಮಾತಿಗೆ ಉತ್ತರ, ಏಕೆಂದರೆ ಉಳಿದದ್ದೆಲ್ಲ ಕೆಡುವುದು ಅಲ್ಲಿಂದಲೇ. ಅವಕಾಶ ಇಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಂ ಕೇಳುವುದು 'ಅಪರಾಧ ನಡೆದಿದೆ ಎಂಬ ತಿಳಿವಳಿಕೆ ಅಥವಾ ನಡೆಯಬಹುದೆಂಬ ಆತಂಕ' ಇದೆಯೇ ಎಂಬುದನ್ನಷ್ಟೇ. ಸಾಬೀತು ಮಾಡಿ ತನ್ನಿ ಅಂತ ಅದು ಶಾಲೆಗೆ ಹೇಳಿಲ್ಲ. ತಿಳಿದವರು ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ಸ್ಥಳೀಯ ಠಾಣೆಗೋ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಂ ಅಡಿ ವ್ಯಕ್ತಿಗೆ 6 ತಿಂಗಳವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ 1 ವರ್ಷದವರೆಗೆ ಸಜೆ ಮತ್ತು ದಂಡ. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ, ಮುಂದೆ ಪ್ರಕರಣ ಬಿದ್ದುಹೋದರೂ, ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಹೊರಿಸುವಂತಿಲ್ಲ, 19(7). ಈ ಕೊನೆಯ ಸಾಲನ್ನು ನಿಮ್ಮ ಎರಡು ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿ. ಬಾಯಿ ಮುಚ್ಚಿಕೊಳ್ಳುವವರಲ್ಲಿ ಅರ್ಧ ಜನ 'ಸುಳ್ಳಾಗಿಬಿಟ್ಟರೆ' ಅಂತ ಹೆದರಿ ಮುಚ್ಚಿಕೊಳ್ಳುತ್ತಾರೆ.

ಈ ಹೊಣೆ ವ್ಯಕ್ತಿಯದು. ಹಾಗಾಗಿ ನಿಲಯಪಾಲಕಿ ತಾನೇ ಹೇಳಬೇಕು. ಮುಖ್ಯ ಶಿಕ್ಷಕರಿಗೆ ತಿಳಿಸಲಿ, ಆದರೆ ಅವರ ಅನುಮತಿಗೆ ಕಾಯಬಾರದು. 'ನಾನು ಮೇಲಿನವರಿಗೆ ಹೇಳಿದ್ದೆ' ಎಂಬುದು 21ನೇ ಕಲಂಗೆ ಉತ್ತರವಾಗುವುದಿಲ್ಲ.

ಒಳಗಿನ ವಿಚಾರಣೆ ಬೇಡ ಅನ್ನಲು ಇನ್ನೊಂದು ಕಾರಣ ಇದೆ, ಅದು ನ್ಯಾಯಾಲಯದಲ್ಲಿ ಗೊತ್ತಾಗುತ್ತದೆ. ಮಗು ನಿಲಯಪಾಲಕಿಗೆ ಒಮ್ಮೆ, ಮುಖ್ಯ ಶಿಕ್ಷಕರಿಗೆ ಒಮ್ಮೆ, ಶಾಲೆಯ ವಿಚಾರಣಾ ಸಮಿತಿಯ ಐದು ಜನರ ಎದುರು ಒಮ್ಮೆ, ಆಮೇಲೆ ಪೊಲೀಸರಿಗೆ, ವೈದ್ಯರಿಗೆ, ಮ್ಯಾಜಿಸ್ಟ್ರೇಟರಿಗೆ ಹೇಳಿದರೆ ಆರು ಹೇಳಿಕೆ ಆಯಿತು. ಹನ್ನೊಂದು ವರ್ಷದ ಮಗು ಆರು ಸಲವೂ ಒಂದೇ ಥರ ಹೇಳುವುದಿಲ್ಲ, ದೊಡ್ಡವರೂ ಹೇಳುವುದಿಲ್ಲ. ಪಾಟೀಸವಾಲಿನಲ್ಲಿ ಹಿಡಿಯುವುದು ಆ ವ್ಯತ್ಯಾಸಗಳನ್ನೇ. ಸಮಿತಿಯವರು 'ಮಾಸ್ಟರು ಹೀಗೆ ಮಾಡಿದರಾ' ಅಂತ ಬಾಯಿಗೆ ಮಾತು ಕೊಟ್ಟು ಕೇಳಿದ್ದರೆ ಮುಗಿಯಿತು, ಹೇಳಿಕೊಟ್ಟ ಮಾತು ಅನ್ನಿಸಿಕೊಳ್ಳುತ್ತದೆ.

ಇನ್ನು ಬರೆಯುವುದು. ಮಗು ಹೇಳಿದ್ದನ್ನು ಕೇಳಿದವರೇ, ಅದೇ ರಾತ್ರಿ, ಮಗುವಿನ ಮಾತಿನಲ್ಲೇ ಬರೆಯಬೇಕು. ಉದ್ದ ಬೇಡ. ಹೀಗಿದ್ದರೆ ಸಾಕು:

"ರಾತ್ರಿ 8.10, ಊಟದ ಕೋಣೆ ಪಕ್ಕದ ವರಾಂಡ. 7ನೇ ತರಗತಿ ವಿದ್ಯಾರ್ಥಿನಿ ತಾನಾಗಿ ಬಂದು ಹೇಳಿದ ಮಾತು (ಇಲ್ಲಿ ಉದ್ಧರಣ ಚಿಹ್ನೆಯೊಳಗೆ ಅವಳದೇ ಪದ). ನಾನು ಕೇಳಿದ್ದು 'ಆಮೇಲೆ?' ಎಂದಷ್ಟೇ. ಅಳುತ್ತಿರಲಿಲ್ಲ, ಕೈ ನಡುಗುತ್ತಿತ್ತು. 8.22ಕ್ಕೆ 112ಕ್ಕೆ ಕರೆ ಮಾಡಿದೆ." ಹೆಸರು, ಸಹಿ.

ಮಗು 'ಅಂಗಿ ಒಳಗೆ ಕೈ ಹಾಕಿದ್ರು' ಅಂದರೆ ಹಾಗೇ ಬರೆಯಿರಿ. ಅದನ್ನು 'ಅಸಭ್ಯವಾಗಿ ವರ್ತಿಸಿದರು' ಅಂತ ತಿದ್ದಿದರೆ ಸ್ಪರ್ಶ ಆಗಿತ್ತೋ ಇಲ್ಲವೋ ಎಂಬುದೇ ಕಾಗದದಿಂದ ಮಾಯವಾಗುತ್ತದೆ. 7ನೇ ಕಲಂನ ಲೈಂಗಿಕ ಹಲ್ಲೆಗೂ 11ನೇ ಕಲಂನ ಲೈಂಗಿಕ ಕಿರುಕುಳಕ್ಕೂ ಇರುವ ವ್ಯತ್ಯಾಸವೇ ಅದು. ಮೊದಲನೆಯದಕ್ಕೆ ಕನಿಷ್ಠ 3 ವರ್ಷ, ಎರಡನೆಯದಕ್ಕೆ ಕನಿಷ್ಠವೇ ಇಲ್ಲ, ಗರಿಷ್ಠ 3. ಆರೋಪಿ ಶಾಲೆಯ ಸಿಬ್ಬಂದಿಯಾದರೆ ಅಪರಾಧ ಉಗ್ರ ಸ್ವರೂಪದ್ದಾಗುತ್ತದೆ, ಶಿಕ್ಷೆ ಇನ್ನೂ ಮೇಲೆ. ಬಟ್ಟೆಯ ಮೇಲಿನಿಂದ ಮುಟ್ಟಿದ್ದು ಲೆಕ್ಕಕ್ಕಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲೇ ತಳ್ಳಿಹಾಕಿದೆ.

ಠಾಣೆಯ ಕಡೆ: ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಗುವಿನ ಹೇಳಿಕೆಯನ್ನು ಅದು ಇರುವಲ್ಲೇ, ಅಥವಾ ಅದು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಆದಷ್ಟೂ ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಮಫ್ತಿಯಲ್ಲಿ. ಇದು 24ನೇ ಕಲಂ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಪೋಕ್ಸೊ ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣಕ್ಕೆ ಹಾಕುವುದಿಲ್ಲ, ಹಾಗಾಗಿ 'ಆಮೇಲೆ ಆನ್‌ಲೈನ್‌ನಲ್ಲಿ ತೆಗೆದುಕೊಂಡರಾಯಿತು' ಅಂತ ವಾಪಸ್ ಬರಬೇಡಿ. 'ನಮ್ಮ ಸರಹದ್ದಲ್ಲ' ಅನ್ನುವಂತಿಲ್ಲ, ಎಲ್ಲಿ ನಡೆದಿದ್ದರೂ ದಾಖಲಿಸಿಕೊಂಡು ವರ್ಗಾಯಿಸಬೇಕು. ನಿರಾಕರಿಸಿದರೆ ಎಸ್‌ಪಿಗೆ ಲಿಖಿತವಾಗಿ, ಅಲ್ಲಿಂದ ಮ್ಯಾಜಿಸ್ಟ್ರೇಟರ ಬಳಿಗೆ. ಇದು ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದದ್ದು) 173ನೇ ಕಲಂ.

ಜಿಲ್ಲಾ ಕಚೇರಿ 2ನೇ ಮಹಡಿ

ಮೇಲಿನದೆಲ್ಲ ಸರಿ. ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿಯ ಕಡೆಯದ್ದನ್ನು ಸೇರಿಸುತ್ತೇನೆ. ಮುಂದೆ ಬರೀ 'ಸಮಿತಿ' ಎಂದರೆ ಈ ಕಲ್ಯಾಣ ಸಮಿತಿ, ಆಸರೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವುದು ಅದೇ.

ಬಾಲಮಂದಿರದ ಹೆದರಿಕೆ ಮೊದಲು. ಪೊಲೀಸರು ಪ್ರತಿ ಪ್ರಕರಣದ ಮಾಹಿತಿಯನ್ನೂ 24 ಗಂಟೆಯೊಳಗೆ ಸಮಿತಿಗೆ ಮತ್ತು ವಿಶೇಷ ನ್ಯಾಯಾಲಯಕ್ಕೆ ಕೊಡಬೇಕು. ಆದರೆ ಮಾಹಿತಿ ಕೊಡುವುದೇ ಬೇರೆ, ಮಗುವನ್ನು ಹಾಜರುಪಡಿಸುವುದೇ ಬೇರೆ. ಹಾಜರುಪಡಿಸಬೇಕಾದ ಸಂದರ್ಭ ಮೂರು: ಮಗುವಿನ ಜೊತೆ ಒಂದೇ ಮನೆಯಲ್ಲಿರುವವರೇ ಆರೋಪಿ ಎಂಬ ಅನುಮಾನ ಇದ್ದಾಗ, ಮಗು ತಂದೆತಾಯಿಯ ಆಸರೆ ಇಲ್ಲದೆ ಪಾಲನಾ ಸಂಸ್ಥೆಯಲ್ಲಿದ್ದಾಗ, ಮನೆಯೂ ಆಸರೆಯೂ ಇಲ್ಲದ ಮಗು ಸಿಕ್ಕಿದಾಗ. ಹಾಜರುಪಡಿಸಿದ ಮೇಲೂ ಮಗುವನ್ನು ಮನೆಯವರಿಂದ ಬೇರೆ ಮಾಡಬೇಕೇ ಎಂಬುದನ್ನು ಸಮಿತಿ 3 ದಿನದೊಳಗೆ ತೀರ್ಮಾನಿಸಬೇಕು, ಮಗುವಿನ ಅಭಿಪ್ರಾಯ ಕೇಳಬೇಕು. ಶಾಲೆಯ ಸಿಬ್ಬಂದಿ ಆರೋಪಿಯಾಗಿದ್ದು, ಮನೆಯಲ್ಲಿ ಅಪ್ಪ ಅಮ್ಮ ಸುಸ್ಥಿತಿಯಲ್ಲಿದ್ದರೆ ಮಗು ಅವರ ಜೊತೆಗೇ ಹೋಗುತ್ತದೆ. ಪೋಷಕರಿಗೆ ಇದನ್ನು ಮೊದಲ ಫೋನಿನಲ್ಲೇ ಹೇಳಿದರೆ ಅವರ ವಿರೋಧ ಅರ್ಧ ಕಡಿಮೆಯಾಗುತ್ತದೆ.

ಮಕ್ಕಳ ಸಹಾಯವಾಣಿ 1098ರ ಬಗ್ಗೆ ಗೊಂದಲ ಇದೆ. ಹಿಂದೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತಿದ್ದ ಸಹಾಯವಾಣಿಯನ್ನು 2023ರಿಂದ ಮಿಷನ್ ವಾತ್ಸಲ್ಯ ಎಂಬ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಡಿ ರಾಜ್ಯ ಸರ್ಕಾರವೇ ನಡೆಸುತ್ತಿದೆ, 112ರ ಜೊತೆ ಜೋಡಣೆಯಾಗಿದೆ. ಅಲ್ಲಿಗೆ ಕರೆ ಮಾಡಿ, ಒಳ್ಳೆಯದೇ. ಆದರೆ 19ನೇ ಕಲಂ ಹೆಸರಿಸುವುದು ಪೊಲೀಸರನ್ನು. 1098ಕ್ಕೆ ಹೇಳಿ ಸುಮ್ಮನಾಗದೆ ಠಾಣೆಗೂ ಒಂದು ಲಿಖಿತ ಪತ್ರ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ಠಾಣೆಯಿಂದ ಕೇಳಿ ಪಡೆಯಬೇಕಾದದ್ದು ಎರಡು ನಮೂನೆ. 'ಎ' ನಮೂನೆಯಲ್ಲಿ ಮಗುವಿಗೂ ಪೋಷಕರಿಗೂ ಇರುವ ಹಕ್ಕುಗಳ ಪಟ್ಟಿ ಇರುತ್ತದೆ, ಅದನ್ನು ಅವರ ಕೈಗೆ ಕೊಡಬೇಕು. 'ಬಿ' ಎಂದರೆ ಪ್ರಾಥಮಿಕ ಪರಿಶೀಲನಾ ವರದಿ. ಮಗುವಿನ ವಯಸ್ಸು, ಆರೋಪಿಯ ಜೊತೆಗಿನ ಸಂಬಂಧ, ಮಗು ಈಗ ಎಲ್ಲಿದೆ, ಶಾಲೆಗೆ ಹೋಗುತ್ತಿದೆಯೇ, ಚಿಕಿತ್ಸೆ ಆಗಿದೆಯೇ, ಇಂಥವನ್ನೆಲ್ಲ ತುಂಬಿ ಪೊಲೀಸರು 24 ಗಂಟೆಯಲ್ಲಿ ಸಮಿತಿಗೆ ಕಳಿಸಬೇಕಾದದ್ದು. 'ಬಿ' ಖಾಲಿ ಬಂದರೆ ಸಮಿತಿಗೆ ಮಗು ಬರೀ ಅಪರಾಧ ಸಂಖ್ಯೆಯಾಗಿ ಕಾಣುತ್ತದೆ, ಬೆಂಬಲ ವ್ಯಕ್ತಿ ಯಾರು ಬೇಕು ಎಂಬುದು ಗೊತ್ತಾಗುವುದಿಲ್ಲ.

ಬೆಂಬಲ ವ್ಯಕ್ತಿ ಎಂದೆ. ಇಡೀ ವ್ಯವಸ್ಥೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಒಂದು ಜೀವ ಇದು, ಆದರೆ ಹೆಚ್ಚಿನವರಿಗೆ ಹೆಸರೇ ಗೊತ್ತಿಲ್ಲ. ಮಗು ಮತ್ತು ಪೋಷಕರ ಒಪ್ಪಿಗೆ ಪಡೆದು ಸಮಿತಿ ನೇಮಿಸುತ್ತದೆ. ಹೇಳಿಕೆ, ವೈದ್ಯಕೀಯ ಪರೀಕ್ಷೆ, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ಸಾಕ್ಷಿ ಹೇಳುವ ದಿನ, ಎಲ್ಲಕ್ಕೂ ಜೊತೆಗೆ ಹೋಗುತ್ತಾರೆ, ವಿಚಾರಣೆ ಮುಗಿಯುವವರೆಗೆ ಸಮಿತಿಗೆ ತಿಂಗಳಿಗೊಂದು ವರದಿ ಕೊಡುತ್ತಾರೆ. ಸಮಿತಿ ತಾನಾಗಿ ನೇಮಿಸಲಿ ಅಂತ ಕಾಯಬೇಡಿ. ಪೋಷಕರಿಂದ ನಾಲ್ಕು ಸಾಲಿನ ಅರ್ಜಿ ಬರೆಸಿ ಮರುದಿನವೇ ಕೊಡಿಸಿ. ಮಗುವಿಗೆ ಕನ್ನಡ ಬಾರದಿದ್ದರೆ (ಗಡಿ ಜಿಲ್ಲೆಗಳಲ್ಲಿ, ವಲಸೆ ಕಾರ್ಮಿಕರ ಮಕ್ಕಳಲ್ಲಿ ಇದು ಸಾಮಾನ್ಯ) ಅದೇ ಅರ್ಜಿಯಲ್ಲಿ ಭಾಷಾಂತರಕಾರರನ್ನೂ ಕೇಳಿ. ಅವರ ಪಟ್ಟಿ ಇಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೆಲಸ. ಮಾತು ಬಾರದ, ಕಿವಿ ಕೇಳದ ಮಗುವಿಗೆ ವಿಶೇಷ ಶಿಕ್ಷಕರೂ ಈ ಪಟ್ಟಿಯಲ್ಲೇ ಇರಬೇಕು.

ಹಣದ ವಿಷಯ ಯಾರೂ ಕೇಳಿಲ್ಲ, ಆದರೆ ಪೋಷಕರು ಹಿಂದೆ ಸರಿಯುವುದು ಬಹಳ ಸಲ ಇದಕ್ಕೇ. ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಎಂಟು ಸಲ ಬರಲು ಬಸ್ ಚಾರ್ಜು ಎಲ್ಲಿಂದ ತರುವುದು? ಪೋಕ್ಸೊ ನಿಯಮಗಳ 8ನೇ ನಿಯಮದ 'ವಿಶೇಷ ಪರಿಹಾರ' ಇರುವುದು ಅದಕ್ಕೆ: ಊಟ, ಬಟ್ಟೆ, ಪ್ರಯಾಣ, ತುರ್ತು ಖರ್ಚು. ಸಮಿತಿ ಶಿಫಾರಸು ಮಾಡಿದ ಒಂದು ವಾರದೊಳಗೆ ಕೊಡಬೇಕು. ಇದು 9ನೇ ನಿಯಮದ ನ್ಯಾಯಾಲಯದ ಪರಿಹಾರಕ್ಕಿಂತ ಬೇರೆ. ನ್ಯಾಯಾಲಯದ್ದರಲ್ಲಿ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲೂ ಮಧ್ಯಂತರ ಪರಿಹಾರ ಕೇಳಬಹುದು, ಆದೇಶ ತಲುಪಿದ 30 ದಿನದೊಳಗೆ ಸರ್ಕಾರ ಪಾವತಿಸಬೇಕು. ಆರೋಪಿ ಖುಲಾಸೆಯಾದರೂ, ಪತ್ತೆಯೇ ಆಗದಿದ್ದರೂ ಪರಿಹಾರಕ್ಕೆ ಅಡ್ಡಿ ಇಲ್ಲ. ಎಡವುವುದು ಬ್ಯಾಂಕ್ ಖಾತೆಯಲ್ಲಿ. ಮಗುವಿನ ಹೆಸರಿನ ಖಾತೆ ಇರುವುದಿಲ್ಲ, ಇದ್ದರೂ ವಿದ್ಯಾರ್ಥಿವೇತನಕ್ಕೆ ತೆರೆದು ನಿಷ್ಕ್ರಿಯವಾಗಿರುತ್ತದೆ. ಮೊದಲ ವಾರದಲ್ಲೇ ಪಾಸ್‌ಬುಕ್ ಸರಿ ಮಾಡಿಸಿಡಿ.

ಪಾಳಿ ವೈದ್ಯೆ

'ಆಸ್ಪತ್ರೆಗೆ ಮೊದಲೋ ಠಾಣೆಗೆ ಮೊದಲೋ' ಎಂಬುದಕ್ಕೆ: ನೋವು, ರಕ್ತ, ಜ್ವರ, ಮಂಕು ಇದ್ದರೆ ಆಸ್ಪತ್ರೆಗೆ. ಕೃತ್ಯ ನಡೆದು ಮೂರು ನಾಲ್ಕು ದಿನದೊಳಗಿದ್ದರೂ ಆಸ್ಪತ್ರೆಗೆ. ಪೊಲೀಸರಿಗೆ ದಾರಿಯಲ್ಲೇ ಫೋನ್ ಮಾಡಬಹುದು. ಎಫ್‌ಐಆರ್ ಆಗದಿದ್ದರೂ ಪರೀಕ್ಷೆ ಮಾಡಬಹುದು ಅಂತ 27ನೇ ಕಲಂ ಹೇಳುತ್ತದೆ. ಪೊಲೀಸ್ ಪತ್ರ ತನ್ನಿ, ನ್ಯಾಯಾಲಯದ ಆದೇಶ ತನ್ನಿ ಅಂತ ಯಾವ ಆಸ್ಪತ್ರೆಯೂ ಚಿಕಿತ್ಸೆಗೆ ಮುಂಚೆ ಕೇಳುವಂತಿಲ್ಲ. ಖಾಸಗಿ ಆಸ್ಪತ್ರೆಗೂ ಇದೇ ನಿಯಮ, ಮತ್ತು ಚಿಕಿತ್ಸೆ ಉಚಿತ (ನಾಗರಿಕ ಸುರಕ್ಷಾ ಸಂಹಿತೆ 397). ದುಡ್ಡು ಕೇಳಿದರೆ ಈ ಸಂಖ್ಯೆ ಹೇಳಿ ನೋಡಿ.

ಗಡಿಯಾರಗಳು ಬೇರೆಬೇರೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಅಷ್ಟು ಒಳ್ಳೆಯದು, 28 ದಿನ ತಪ್ಪದೆ ನುಂಗಬೇಕು. ತುರ್ತು ಗರ್ಭನಿರೋಧಕ 72 ಗಂಟೆಯೊಳಗಾದರೆ ಚೆನ್ನಾಗಿ ಕೆಲಸ ಮಾಡುತ್ತದೆ, 5 ದಿನದವರೆಗೂ ಕೊಡಬಹುದು. ಮೈಯಿಂದ ಮಾದರಿ ತೆಗೆಯುವುದಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಕೊಟ್ಟಿರುವ ಮಿತಿ 96 ಗಂಟೆ. ಒಂದು ವಾರ ಕಳೆದಿದ್ದರೆ ಬರುವುದೇ ಬೇಡವೇ ಅಂದರೆ ಹಾಗಲ್ಲ, ಸೋಂಕು, ಗರ್ಭ, ಮನಸ್ಸಿನ ಸ್ಥಿತಿ ನೋಡಬೇಕಲ್ಲ.

ನಿಲಯದಲ್ಲಿ ಆಗುವ ತಪ್ಪು ಒಂದೇ, ಅದು ಪ್ರೀತಿಯಿಂದ ಆಗುವ ತಪ್ಪು: ಸ್ನಾನ ಮಾಡಿಸಿ, ಬಟ್ಟೆ ಒಗೆಸಿ, ಬೇರೆ ಬಟ್ಟೆ ಹಾಕಿಸಿ ಕಳಿಸುವುದು. ಮಾಡಬೇಡಿ. ಬಟ್ಟೆ ಬದಲಿಸಿಯಾಗಿದ್ದರೆ ಹಳೆಯದನ್ನು ಒಂದೊಂದಾಗಿ ಬೇರೆಬೇರೆ ಕಾಗದದ ಲಕೋಟೆಗೆ ಹಾಕಿ ತನ್ನಿ, ಲಕೋಟೆ ಇಲ್ಲದಿದ್ದರೆ ಹಳೇ ಪತ್ರಿಕೆಯಲ್ಲಿ ಸುತ್ತಿ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ, ಬಿಸಿಲಿಗೆ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿದು ಬೂಷ್ಟು ಬರುತ್ತದೆ, ಡಿಎನ್‌ಎ ಹಾಳಾಗುತ್ತದೆ. ಹಾಸಿಗೆ ಬಟ್ಟೆಯನ್ನು ನೀವು ತೆಗೆಯಬೇಡಿ, ಕೋಣೆಗೆ ಬೀಗ ಹಾಕಿ. ಮಹಜರಿನಲ್ಲಿ ಪೊಲೀಸರೇ ತೆಗೆದುಕೊಳ್ಳಲಿ.

ಹುಡುಗಿಯಾದರೆ ಮಹಿಳಾ ವೈದ್ಯರೇ ಪರೀಕ್ಷೆ ಮಾಡಬೇಕು. ಪೋಷಕರು ಅಥವಾ ಮಗು ನಂಬುವ ಯಾರಾದರೂ ಜೊತೆಗಿರಬೇಕು, ಯಾರೂ ಇಲ್ಲದಿದ್ದರೆ ಆಸ್ಪತ್ರೆ ಮುಖ್ಯಸ್ಥರು ಒಬ್ಬ ಮಹಿಳೆಯನ್ನು ನೇಮಿಸಬೇಕು. 12 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನು ಅದರಿಂದಲೇ ಪಡೆಯಬೇಕು. ಪರೀಕ್ಷೆ ಬೇಡ ಅಂದರೆ ಬೇಡ, ಹಾಗಂತ ಬರೆದುಕೊಂಡು ಚಿಕಿತ್ಸೆ ಮಾತ್ರ ಕೊಡಬೇಕು. 'ಎರಡು ಬೆರಳಿನ ಪರೀಕ್ಷೆ' ಮಾಡುವವರು ದುರ್ನಡತೆ ಎಸಗಿದಂತೆ ಅಂತ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ. ಇನ್ನೊಂದು ಮಾತು, ಗಾಯ ಇಲ್ಲ ಎಂಬ ವರದಿ ಬಂದ ಕೂಡಲೇ ಶಾಲೆಯಲ್ಲಿ 'ಏನೂ ಆಗಿಲ್ಲವಂತೆ' ಎಂಬ ಸುದ್ದಿ ಹಬ್ಬುತ್ತದೆ. ಮಕ್ಕಳ ಪ್ರಕರಣದಲ್ಲಿ ಗಾಯ ಇಲ್ಲದಿರುವುದೇ ಹೆಚ್ಚು. ಗಾಯ ಇಲ್ಲ ಅಂದರೆ ಗಾಯ ಇಲ್ಲ ಅಂತ ಮಾತ್ರ ಅರ್ಥ.

ಗರ್ಭ ಇದ್ದರೆ ಅಪ್ರಾಪ್ತರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಕಾನೂನಿನ ಅವಕಾಶ ಇದೆ, 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಭ್ರೂಣದ ಭಾಗವನ್ನು ಡಿಎನ್‌ಎಗೆ ಇಡಬೇಕು ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಪಾಳಿ ಬದಲಾದಾಗ ಕಸಕ್ಕೆ ಹೋಗಿರುತ್ತದೆ.

ಕಪ್ಪುಹಲಗೆ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ಕರೀಕೋಟು ಸರ್, ಪೋಷಕರು ಬೇಡ ಅಂದರೆ ಎಂಬುದಕ್ಕೆ ಉತ್ತರ ಉಳಿದಿದೆ. ಆರೋಪಿಯೂ ಅದೇ ಶಾಲೆಯ ಹುಡುಗನಾಗಿದ್ದರೆ? ಪಿಯುಸಿ ಹುಡುಗ ಹುಡುಗಿ ಇಷ್ಟಪಟ್ಟಿದ್ದಾರೆ ಅನ್ನುವ ಪ್ರಕರಣಕ್ಕೂ 112ಕ್ಕೆ ಕರೆ ಮಾಡಬೇಕೇ? ಮತ್ತೆ ಫೋನಿನಲ್ಲಿ ಫೋಟೊ ವಿಡಿಯೊ ಇದ್ದರೆ ಅದನ್ನು ಏನು ಮಾಡಬೇಕು?

ಕರೀಕೋಟು

ಪೋಷಕರ ಒಪ್ಪಿಗೆ 19ನೇ ಕಲಂನಲ್ಲಿ ಎಲ್ಲೂ ಇಲ್ಲ. ಅವರು ಬೇಡ ಅಂದರೂ ನಿಮ್ಮ ಹೊಣೆ ಹಾಗೇ ಇರುತ್ತದೆ. ಅವರಿಗೆ ಅನುಮತಿ ಕೇಳುವ ಧಾಟಿಯಲ್ಲಿ ಫೋನ್ ಮಾಡಬೇಡಿ, ತಿಳಿಸುವ ಧಾಟಿಯಲ್ಲಿ ಮಾಡಿ. ಮನೆಯವರೇ ಆರೋಪಿ ಎಂಬ ಸುಳಿವಿದ್ದರೆ ಅವರಿಗೆ ಮೊದಲು ಹೇಳಲೂಬೇಡಿ. ಪೊಲೀಸರು ಮತ್ತು ಸಮಿತಿ ಬರುವವರೆಗೆ ಕಾಯಿರಿ.

ಆರೋಪಿ 18ರೊಳಗಿದ್ದರೆ ಅವನೂ ಕಾನೂನಿನ ಕಣ್ಣಲ್ಲಿ ಮಗುವೇ. ಲಾಕಪ್ಪು ಇಲ್ಲ, ಬೇಡಿ ಇಲ್ಲ, ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಾನೆ. 16ರಿಂದ 18ರ ನಡುವಿನವನಾಗಿದ್ದು ಅಪರಾಧಕ್ಕೆ ಕನಿಷ್ಠ 7 ವರ್ಷದ ಶಿಕ್ಷೆ ಇದ್ದರೆ ಮಾತ್ರ ಮಂಡಳಿ ಪ್ರಾಥಮಿಕ ನಿರ್ಧಾರಣೆ ಮಾಡಿ, ವಯಸ್ಕನಂತೆ ವಿಚಾರಣೆ ಆಗಬೇಕೇ ಅಂತ ನೋಡುತ್ತದೆ. ಅವನ ಹೆಸರೂ ಹೊರಗೆ ಬರುವಂತಿಲ್ಲ. ಶಾಲೆ ಮಾಡಬಹುದಾದದ್ದು ಇಬ್ಬರೂ ಎದುರಾಗದಂತೆ ನೋಡಿಕೊಳ್ಳುವುದು. ಬೇರೆ ವಿಭಾಗ, ಬೇರೆ ಊಟದ ಹೊತ್ತು. ಇಲ್ಲಿ ಒಂದು ಅನ್ಯಾಯ ಪದೇಪದೇ ಆಗುತ್ತದೆ: ದೂರು ಕೊಟ್ಟ ಹುಡುಗಿಯನ್ನೇ 'ನಿನ್ನ ಒಳ್ಳೆಯದಕ್ಕೆ' ಅಂತ ಟಿಸಿ ಕೊಟ್ಟು ಕಳಿಸುವುದು. ಜಾಗ ಬಿಡಬೇಕಾದವಳು ಅವಳಲ್ಲ.

ಇಷ್ಟಪಟ್ಟ ಪ್ರಕರಣ. ಇಲ್ಲಿ ಕಾನೂನು ಒರಟು, ಒಪ್ಪುತ್ತೇನೆ. 18ರೊಳಗಿನ ಒಪ್ಪಿಗೆ ಒಪ್ಪಿಗೆಯಲ್ಲ. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು. ಆಯೋಗ 2023ರ ಸೆಪ್ಟೆಂಬರಿನ 283ನೇ ವರದಿಯಲ್ಲಿ ಮಿತಿ ಇಳಿಸಬೇಡಿ, 16ರಿಂದ 18ರ ನಡುವೆ ಮೌನ ಸಮ್ಮತಿ ಇದ್ದಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಕೊಡಿ ಅಂತ ಶಿಫಾರಸು ಮಾಡಿತು. ಕಾಯ್ದೆ ಹಾಗೇ ಇದೆ. ಆದರೆ ಒಂದನ್ನು ಗಮನಿಸಿ. ಹುಡುಗ ಹುಡುಗಿ ಮಾತಾಡುವುದು, ಚೀಟಿ ಬರೆಯುವುದು, ಒಟ್ಟಿಗೆ ನಡೆಯುವುದು ಪೋಕ್ಸೊ ಅಲ್ಲ. ಲೈಂಗಿಕ ಕೃತ್ಯ ನಡೆದಿದೆ ಎಂಬ ತಿಳಿವಳಿಕೆ ಅಥವಾ ನಡೆಯಬಹುದೆಂಬ ಆತಂಕ ಇದ್ದರೆ ಮಾತ್ರ 19ನೇ ಕಲಂ. ಪ್ರೇಮಪತ್ರಕ್ಕೆ ಪೊಲೀಸರನ್ನು ಕರೆಯುವ ನೀತಿ ಬರೆದರೆ ಮಕ್ಕಳು ನಾಳೆ ನಿಜವಾದ ಸಂಕಟವನ್ನೂ ಯಾರಿಗೂ ಹೇಳುವುದಿಲ್ಲ.

ಪಾಳಿ ವೈದ್ಯೆ

ಅದಕ್ಕೊಂದು ಸಣ್ಣ ಬಾಲ. ಇಂಥ ಸಂಬಂಧದಲ್ಲಿ ಗರ್ಭಿಣಿಯಾದ ಹುಡುಗಿ ಗರ್ಭಪಾತಕ್ಕೆ ಬಂದಾಗ, ಅವಳೂ ಪೋಷಕರೂ ಕೋರಿದರೆ ವೈದ್ಯರು 19ನೇ ಕಲಂನ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬಿಟ್ಟು ಕಳಿಸಬಹುದು ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಹೇಳಿದೆ. ಈ ರಿಯಾಯಿತಿ ವೈದ್ಯರಿಗೆ, ಶಾಲೆಗಲ್ಲ. ಆದರೆ ಪೊಲೀಸ್ ಭಯದಿಂದ ಹುಡುಗಿಯನ್ನು ಯಾರ್ಯಾರದೋ ಹತ್ತಿರ ಮಾತ್ರೆಗೆ ಕರೆದುಕೊಂಡು ಹೋಗುವ ಮನೆಯವರಿಗೆ ಇದು ಗೊತ್ತಿದ್ದರೆ ಒಂದು ಜೀವ ಉಳಿಯಬಹುದು.

ವೈಫೈ ಇಲ್ಲ

ಫೋಟೊ ವಿಡಿಯೊ ಪ್ರಶ್ನೆಗೆ. ದೊಡ್ಡ ತಪ್ಪು ಯಾವುದು ಅಂದರೆ 'ಸಾಕ್ಷಿಗಿರಲಿ' ಅಂತ ಆ ವಿಡಿಯೊವನ್ನು ಮುಖ್ಯ ಶಿಕ್ಷಕರ ವಾಟ್ಸ್‌ಆ್ಯಪ್‌ಗೆ, ಅವರು ಆಡಳಿತ ಮಂಡಳಿ ಗುಂಪಿಗೆ, ಅವರು ವಕೀಲರಿಗೆ ಕಳಿಸುವುದು. ಪ್ರತಿ ಫಾರ್ವರ್ಡೂ ಐಟಿ ಕಾಯ್ದೆಯ 67ಬಿ ಅಡಿ ಪ್ರತ್ಯೇಕ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಸಜೆ, 10 ಲಕ್ಷದವರೆಗೆ ದಂಡ. ಅಳಿಸದೆ, ದೂರನ್ನೂ ಕೊಡದೆ ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದು ಪೋಕ್ಸೊ 15ನೇ ಕಲಂಗೆ ಬರುತ್ತದೆ. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಓದಿದೆ. ಇದನ್ನು ಅಶ್ಲೀಲ ಚಿತ್ರ ಅನ್ನದೆ ಮಕ್ಕಳ ಶೋಷಣೆಯ ಸಾಮಗ್ರಿ ಅಂತಲೇ ಕರೆಯಿರಿ ಅಂತಲೂ ಹೇಳಿದೆ.

ಹಾಗಾದರೆ ಏನು ಮಾಡಬೇಕು? ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆಫ್ ಮಾಡಬೇಡಿ, ಲಾಕ್ ಸಂಖ್ಯೆ ಕೇಳಿ ಬರೆದುಕೊಳ್ಳಿ, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಇಬ್ಬರು ಸಹಿ ಹಾಕಿ, ಸಮಯ ಬರೆಯಿರಿ. ಒಳಗಿನದನ್ನು ತೆರೆದು ನೋಡಬೇಡಿ. ಜಾಲತಾಣದಲ್ಲಿದ್ದರೆ ವಿಳಾಸ ಮತ್ತು ಖಾತೆಯ ಹೆಸರನ್ನು ಕಾಗದದ ಮೇಲೆ ನಕಲು ಮಾಡಿ, ಚಿತ್ರವನ್ನಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗ ಬೇರೆಯೇ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. 1930ಕ್ಕೆ ಕರೆ ಮಾಡಬೇಡಿ, ಅದು ಹಣದ ವಂಚನೆಗೆ.

ಸಿಸಿಟಿವಿ ಬಗ್ಗೆ ಯಾರೂ ಹೇಳಲಿಲ್ಲ. ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಸಾಮಾನ್ಯ ವ್ಯವಸ್ಥೆಗಳಲ್ಲಿ ಎರಡು ವಾರವೋ ಒಂದು ತಿಂಗಳೋ ಅಷ್ಟೇ. ದೂರು ಬಂದ ರಾತ್ರಿಯೇ ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ನಿಲ್ಲಿಸಿ, ಡಿಸ್ಕ್ ತೆಗೆದು ಪೊಲೀಸರ ಕೈಗೆ ಮಹಜರಿನಲ್ಲಿ ಕೊಡಿ. ಪೆನ್‌ಡ್ರೈವ್‌ಗೆ ತುಣುಕು ಕತ್ತರಿಸಿ ಕೊಡುವುದಾದರೆ ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರ ಬೇಕು, ಅದರ 'ಎ' ಭಾಗಕ್ಕೆ ಉಪಕರಣದ ಹೊಣೆ ಹೊತ್ತವರು ಸಹಿ ಮಾಡಬೇಕು. ಕ್ಯಾಮೆರಾ ಹಾಕಿದ ಅಂಗಡಿಯವರಲ್ಲ. ಡಿವಿಆರ್ ಗಡಿಯಾರ ಎಷ್ಟು ನಿಮಿಷ ಹಿಂದಿದೆ ಮುಂದಿದೆ ಅಂತಲೂ ಬರೆದಿಡಿ.

ಜಿಲ್ಲಾ ಕಚೇರಿ 2ನೇ ಮಹಡಿ

ವಯಸ್ಸಿನ ದಾಖಲೆ ಬಿಟ್ಟುಹೋಗಿದೆ. ಪ್ರಕರಣ ಬೀಳುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಶಾಲೆಯಿಂದ ಎಲ್ಲರೂ ಕೊಡುವುದು ದಾಖಲಾತಿ ವಹಿಯ ನಕಲು ಅಥವಾ ಟಿಸಿ. ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಕೇಳುವುದು ಬೇರೆ. ಮೊದಲು ಶಾಲೆ ಕೊಡುವ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆ, ಪಾಲಿಕೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. 2023ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಟಿಸಿ ಮತ್ತು ದಾಖಲಾತಿ ವಹಿಯ ಸಾರ ಸಾಲದು ಎಂದು ಆರೋಪಿಯನ್ನು ಪೋಕ್ಸೊದಿಂದ ಬಿಡುಗಡೆ ಮಾಡಿದ್ದಿದೆ. ಆಧಾರ್ ನೆಚ್ಚಿಕೊಳ್ಳಬೇಡಿ.

ನಮ್ಮಲ್ಲಿ ವಹಿ ತೆರೆದರೆ ಅರ್ಧ ಮಕ್ಕಳು ಜೂನ್ 1ರಂದೇ ಹುಟ್ಟಿರುತ್ತಾರೆ! ಒಂದನೇ ತರಗತಿಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನಾಂಕ ಅದು, ಪಾಟೀಸವಾಲಿನಲ್ಲಿ ಮೊದಲ ಏಟು ಅದಕ್ಕೇ ಬೀಳುತ್ತದೆ. ಹಾಗಾಗಿ ದೂರು ಬಂದ ಮೇಲೆ ಓಡಾಡುವ ಬದಲು ದಾಖಲಾತಿ ಸಮಯದಲ್ಲೇ ಪ್ರತಿ ಮಗುವಿನ ಇ-ಜನ್ಮ ಪ್ರಮಾಣಪತ್ರದ ಪ್ರತಿಯನ್ನು ಕಡತಕ್ಕೆ ಸೇರಿಸಿಡಿ. ಎಲ್ಲ ಮಕ್ಕಳದ್ದೂ, ಆಗ ಯಾರ ಮೇಲೂ ಕಣ್ಣು ಬೀಳುವುದಿಲ್ಲ.

ಸಿಬ್ಬಂದಿಯ ಪೊಲೀಸ್ ಪರಿಶೀಲನೆಯೂ ಪೋಕ್ಸೊ ನಿಯಮಗಳ 3ನೇ ನಿಯಮದಲ್ಲೇ ಇದೆ, ಒಮ್ಮೆ ಮಾಡಿ ಬಿಡುವಂತಿಲ್ಲ, ಕಾಲಕಾಲಕ್ಕೆ. ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಶಿಕ್ಷಕರದ್ದು ಮಾತ್ರ ಮಾಡಿಸಿ ಅಡುಗೆಯವರು, ವಾಹನ ಚಾಲಕ, ಗುತ್ತಿಗೆ ಕಾವಲುಗಾರ, ವಾರಕ್ಕೊಮ್ಮೆ ಬರುವ ಕರಾಟೆ ತರಬೇತುದಾರ, ಇವರನ್ನು ಬಿಡುವುದು ರೂಢಿಯಾಗಿದೆ. ಗುತ್ತಿಗೆ ಏಜೆನ್ಸಿ 'ನಾವು ನೋಡಿಕೊಂಡಿದ್ದೇವೆ' ಅಂದರೆ ಸಾಲದು, ಪ್ರಮಾಣಪತ್ರದ ಪ್ರತಿ ನಿಮ್ಮ ಕಡತದಲ್ಲಿರಲಿ. ಆಳು ಬದಲಾದಾಗಲೆಲ್ಲ ಹೊಸದು.

ಕಪ್ಪುಹಲಗೆ

ಗೋಡೆಗೆ ಅಂಟಿಸುವ ಭಾಗ ಹೀಗೆ ಬಂದಿದೆ, ತಪ್ಪಿದ್ದರೆ ಹೇಳಿ:

"ಮಗು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿ. 'ಆಮೇಲೆ?' ಬಿಟ್ಟು ಬೇರೆ ಪ್ರಶ್ನೆ ಬೇಡ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಕೇಳಿದವರೇ 112ಕ್ಕೆ ಕರೆ ಮಾಡಿ, ನಂತರ 1098, ನಂತರ ಮುಖ್ಯ ಶಿಕ್ಷಕರು. ಮಗುವಿನ ಪದಗಳಲ್ಲೇ ಬರೆದು ಸಹಿ ಮಾಡಿ. ಸ್ನಾನ ಬೇಡ, ಬಟ್ಟೆ ಒಗೆಯಬೇಡಿ, ಕೋಣೆಗೆ ಬೀಗ, ಡಿವಿಆರ್ ನಿಲ್ಲಿಸಿ. ಮಗುವಿನ ಜೊತೆ ಮಗುವೇ ಆರಿಸಿದ ಒಬ್ಬರು ಇಡೀ ರಾತ್ರಿ ಇರಲಿ. ಆರೋಪಿ ಸಿಬ್ಬಂದಿಯಾದರೆ ಆ ಕ್ಷಣದಿಂದ ಆವರಣಕ್ಕೆ ಪ್ರವೇಶ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಏನೂ ಬೇಡ. ಲಿಖಿತ ದೂರಿಗೆ ಠಾಣೆಯ ಮೊಹರು, ಎಫ್‌ಐಆರ್ ಪ್ರತಿ, 'ಎ' ನಮೂನೆ. ಮರುದಿನ ಬೆಂಬಲ ವ್ಯಕ್ತಿಗಾಗಿ ಸಮಿತಿಗೆ ಅರ್ಜಿ, ಅದರಲ್ಲೇ ವಿಶೇಷ ಪರಿಹಾರದ ಕೋರಿಕೆ."

ಕರೀಕೋಟು

ಚೆನ್ನಾಗಿದೆ. ಎರಡು ತಿದ್ದುಪಡಿ. 'ಆವರಣಕ್ಕೆ ಪ್ರವೇಶ ಇಲ್ಲ' ಎಂಬುದರ ಮುಂದೆ 'ಪೊಲೀಸರು ಬರುವವರೆಗೆ ಅವರಿಗೆ ವಿಷಯ ತಿಳಿಸಬೇಡಿ' ಅಂತ ಸೇರಿಸಿ. ಇಲ್ಲದಿದ್ದರೆ ನಿಲಯಪಾಲಕಿ ಕಾವಲುಗಾರನಿಗೆ ಹೇಳಿ, ಕಾವಲುಗಾರ ಆತನಿಗೆ ಹೇಳಿ, ಆತ ಫೋನು ಅಳಿಸಿ ಊರು ಬಿಟ್ಟಿರುತ್ತಾನೆ. ಲಿಖಿತ ದೂರಿನ ಪ್ರತಿಯನ್ನು ಸೂಚನಾ ಫಲಕಕ್ಕಾಗಲಿ ಪತ್ರಿಕೆಯವರಿಗಾಗಲಿ ಕೊಡಬಾರದು ಅಂತಲೂ ಹಾಕಿ. 23ನೇ ಕಲಂ ಪ್ರಕಾರ ಮಗುವಿನ ಹೆಸರು ಮಾತ್ರವಲ್ಲ, ಶಾಲೆಯ ಹೆಸರೂ ಗುರುತೇ.

ಜಿಲ್ಲಾ ಕಚೇರಿ 2ನೇ ಮಹಡಿ

ಮೇಡಂ, ಒಂದು ಬಿಟ್ಟಿದ್ದೀರಿ. ನಿಲಯಪಾಲಕಿ ರಜೆ ಇದ್ದ ರಾತ್ರಿ ಕೀಲಿ ಯಾರ ಹತ್ತಿರ, ಡಿವಿಆರ್ ಇರುವ ಕೋಣೆಯ ಬೀಗ ಯಾರ ಹತ್ತಿರ, ಗಾಡಿ ಯಾವುದು, ಜೊತೆಗೆ ಹೋಗುವ ಮಹಿಳಾ ಸಿಬ್ಬಂದಿ ಯಾರು ಅಂತ ಇಲ್ಲ. ಹೆಸರಿನ ಬದಲು ಹುದ್ದೆ ಹಾಕಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಫೋನ್ ನಂಬರ್ ಬರೆಯಲು ಜಾಗ ಬಿಡಿ. ಜನ ಬದಲಾಗುತ್ತಲೇ ಇರುತ್ತಾರೆ.